ಹತ್ತೊಂಬತ್ತರಲ್ಲಿ ಮೂರು: ವೆಸ್ಟ್‌ಬ್ರೂಕ್ ಆಟವನ್ನು ಮಕ್ಕಳಿಗೆ ತೋರಿಸಬಹುದೇ?

ಸೀಸನ್ ಪಾಸ್, ತುಮಕೂರು:

ಎಲ್ಲರಿಗೂ ನಮಸ್ಕಾರ. ನಾನು ಲೆಕ್ಕಪತ್ರ ನೋಡಿಕೊಳ್ಳುವ ಕೆಲಸದವನು. ದಿನವೂ ಬೆಳಿಗ್ಗೆ ತುಮಕೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮರಳುವವರಲ್ಲಿ ಒಬ್ಬ. ಶನಿವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಸಿಮೆಂಟ್ ಅಂಕಣದಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ತರಬೇತುದಾರನೆಂದು ಕರೆದುಕೊಳ್ಳುವ ಅರ್ಹತೆ ನನಗಿಲ್ಲ. ಕಾಲೇಜಿನ ದಿನಗಳಲ್ಲಿ ಆಡಿದ್ದಷ್ಟೇ ನನ್ನ ಬಂಡವಾಳ.

ಆ ಮಕ್ಕಳ ಪೈಕಿ ಒಬ್ಬ ಹುಡುಗನಿದ್ದಾನೆ. ಎತ್ತರ ಕಡಿಮೆ, ಆದರೆ ಕಾಲಿಗೆ ಚಕ್ರ ಕಟ್ಟಿದವನಂತೆ ಓಡುತ್ತಾನೆ. ಚೆಂಡು ಕೈಗೆ ಸಿಕ್ಕರೆ ಮುಂದೆ ಮೂವರು ನಿಂತಿದ್ದರೂ ನುಗ್ಗುತ್ತಾನೆ, ಹತ್ತು ಸಲ ನುಗ್ಗಿದರೆ ನಾಲ್ಕು ಸಲ ಚೆಂಡು ಕಳೆದುಕೊಳ್ಳುತ್ತಾನೆ, ದೂರದಿಂದ ಎಸೆದರೆ ಚೆಂಡು ರಿಂಗಿಗೆ ಬಡಿದು ಕಾಂಪೌಂಡ್ ಹಾರುತ್ತದೆ. ಬನಿಯನ್ ಮೇಲೆ ಸ್ಕೆಚ್ ಪೆನ್ನಿನಲ್ಲಿ ಸೊನ್ನೆ ಬರೆದುಕೊಂಡು ಬರುತ್ತಾನೆ, ಏಕೆಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರ ರಸೆಲ್ ವೆಸ್ಟ್‌ಬ್ರೂಕ್ ತಮ್ಮ ವೃತ್ತಿಜೀವನದ ಬಹುಪಾಲು ವರ್ಷ ತೊಟ್ಟ ಅಂಕಿ ಅದು. ದೊಡ್ಡ ಹುಡುಗರು ಅವನಿಗೆ 'ಇಟ್ಟಿಗೆ' ಎಂದು ಹೆಸರಿಟ್ಟಿದ್ದಾರೆ. ಗುರಿ ತಪ್ಪಿ ರಿಂಗಿಗೋ ಹಲಗೆಗೋ ಗಟ್ಟಿಯಾಗಿ ಬಡಿಯುವ ಎಸೆತಕ್ಕೆ ಅಮೆರಿಕದಲ್ಲಿ 'ಬ್ರಿಕ್' ಎನ್ನುತ್ತಾರೆ; ಅದನ್ನು ಹೆಸರಿಗೆ ಸೇರಿಸಿ ವೆಸ್ಟ್‌ಬ್ರೂಕ್ ಅವರನ್ನು 'ವೆಸ್ಟ್‌ಬ್ರಿಕ್' ಎಂದು ಹಂಗಿಸುವುದು ಅಲ್ಲಿ ರೂಢಿಯಾಯಿತು. ಮೊಬೈಲಿನಲ್ಲಿ ಅವರು ತಪ್ಪಿದ ಎಸೆತಗಳನ್ನೇ ಪೋಣಿಸಿದ ತುಣುಕುಗಳನ್ನು ನೋಡಿ ನಮ್ಮ ಹುಡುಗರು ಆ ಮಾತನ್ನು ಕನ್ನಡಕ್ಕೆ ತಂದಿದ್ದಾರೆ.

ಕಳೆದ ಭಾನುವಾರ ಆ ಹುಡುಗ ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಅವರು ನಿಜವಾಗ್ಲೂ ಚೆನ್ನಾಗಿ ಆಡಲ್ವಾ?" ಎಂದು ಕೇಳಿದ. ನಾನು ಸರಿಯಾಗಿ ಉತ್ತರಿಸಲಿಲ್ಲ. ನಾನು ಅವರ ಅಭಿಮಾನಿ. 2012ರ ಫೈನಲ್‌ನಲ್ಲಿ ಓಕ್ಲಹೋಮ ಸಿಟಿ ಥಂಡರ್ ತಂಡ ಮಯಾಮಿಗೆ 4-1ರಿಂದ ಸೋತರೂ ನಾಲ್ಕನೇ ಪಂದ್ಯದಲ್ಲಿ ಅವರು ಒಬ್ಬರೇ 43 ಅಂಕ ಗಳಿಸಿದ ದಿನದಿಂದ ಇಂದಿನವರೆಗೆ. ಅಭಿಮಾನಿಯ ಸಾಕ್ಷ್ಯವನ್ನು ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ ಎಂಬುದು ನನಗೂ ತಿಳಿದಿದೆ.

ಆದರೂ ನನ್ನ ಮೆಚ್ಚುಗೆಯ ಕಾರಣವನ್ನು ಹೇಳಿಬಿಡುತ್ತೇನೆ. 2016ರ ಜುಲೈ 4ರಂದು ತಂಡದ ಇನ್ನೊಬ್ಬ ತಾರೆ ಕೆವಿನ್ ಡ್ಯುರಾಂಟ್ ಥಂಡರ್ ಬಿಟ್ಟು ಗೋಲ್ಡನ್ ಸ್ಟೇಟ್ ಸೇರಿದಾಗ ಆ ತಂಡದ ಕಥೆ ಮುಗಿಯಿತೆಂದೇ ಎಲ್ಲರೂ ಬರೆದರು. ವೆಸ್ಟ್‌ಬ್ರೂಕ್ ಒಂದು ತಿಂಗಳೊಳಗೆ ಒಪ್ಪಂದ ವಿಸ್ತರಿಸಿಕೊಂಡು ಆ ಸಣ್ಣ ಊರಿನಲ್ಲೇ ಉಳಿದರು. ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 31.6 ಅಂಕ, 10.7 ರೀಬೌಂಡ್ (ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿಯುವುದು), 10.4 ಅಸಿಸ್ಟ್ (ಜೊತೆಗಾರ ಅಂಕ ಗಳಿಸುವಂತೆ ಕೊಟ್ಟ ಪಾಸ್) ಗಳಿಸಿದರು. 42 ಟ್ರಿಪಲ್ ಡಬಲ್‌ಗಳೊಂದಿಗೆ (ಒಂದೇ ಪಂದ್ಯದಲ್ಲಿ ಈ ಮೂರರಲ್ಲೂ ಹತ್ತು ಅಥವಾ ಹೆಚ್ಚು) ಆಸ್ಕರ್ ರಾಬರ್ಟ್‌ಸನ್ 1961-62ರಲ್ಲಿ ಮಾಡಿದ್ದ 41ರ ದಾಖಲೆಯನ್ನು ಮುರಿದರು. ಆ 42ನೆಯದು ಬಂದ ಡೆನ್ವರ್ ಪಂದ್ಯದಲ್ಲಿ ಅವರದು 50 ಅಂಕ, 16 ರೀಬೌಂಡ್, 10 ಅಸಿಸ್ಟ್. ಅಷ್ಟು ಸಾಲದೆಂಬಂತೆ ಕೊನೆಯ ಗಂಟೆ ಮೊಳಗುವಾಗ ಮೂರಂಕದ ಗೆರೆಗಿಂತ ಎಷ್ಟೋ ಹಿಂದಿನಿಂದ ಎಸೆದು ಒಂದೇ ಅಂಕದಿಂದ ಗೆಲ್ಲಿಸಿದರು. ಮರುದಿನ ರೈಲಿನಲ್ಲಿ ನಿಂತುಕೊಂಡೇ ಆ ಎಸೆತವನ್ನು ಎಷ್ಟು ಸಲ ನೋಡಿದೆನೆಂದರೆ, ಪಕ್ಕದಲ್ಲಿದ್ದವರು ಇದೇನು ಕ್ರಿಕೆಟ್ಟೇ ಎಂದು ಇಣುಕಿದರು.

ಈಗ ನನ್ನ ಪ್ರಶ್ನೆ. ಅನುಭವಿ ಆಟಗಾರರೂ ಶಿಕ್ಷಕರೂ ಇಲ್ಲಿದ್ದೀರಿ. ಇಂಥ ಆಟಗಾರನನ್ನು ಹದಿಮೂರು ವರ್ಷದ ಹುಡುಗನ ಮುಂದೆ ಮಾದರಿಯಾಗಿ ಇಡಬಹುದೇ? ಇಡುವುದಾದರೆ ಅವರ ಆಟದ ಯಾವ ಭಾಗವನ್ನು ತೋರಿಸಲಿ?

ರಾಬರ್ಟ್ಸನ್‌ಪೇಟೆ, ಕೆಜಿಎಫ್:

ಹೆಸರು ನೋಡಿ ತಪ್ಪು ತಿಳಿಯಬೇಡಿ, ನಮ್ಮ ಪೇಟೆಗೂ ಆಸ್ಕರ್ ರಾಬರ್ಟ್‌ಸನ್ ಅವರಿಗೂ ಸಂಬಂಧವಿಲ್ಲ. ಆದರೂ ಅವರ ದಾಖಲೆ ಮುರಿದಾಗ ನಮ್ಮೂರಿನದೇನೋ ಕೈತಪ್ಪಿತು ಎಂದು ಗೆಳೆಯರು ನನ್ನನ್ನು ಛೇಡಿಸಿದ್ದುಂಟು.

ನಾನು ಚಿಕ್ಕವನಿದ್ದಾಗ ಪಾಯಿಂಟ್ ಗಾರ್ಡ್ ಎಂದರೆ ಚೆಂಡು ತಂದುಕೊಟ್ಟು ದೂರ ನಿಲ್ಲುವವನು. ಹಲಗೆಯ ಕೆಳಗಿನ ಗುದ್ದಾಟ ಎತ್ತರದವರ ಕೆಲಸ. ಆದ್ದರಿಂದ, ಸುಮಾರು ಆರೂಕಾಲು ಅಡಿ ಎತ್ತರದ ಗಾರ್ಡ್ ಒಬ್ಬರು ಏಳಡಿಯವರ ನಡುವೆ ನುಗ್ಗಿ ಪಂದ್ಯಕ್ಕೆ ಹತ್ತಕ್ಕಿಂತ ಹೆಚ್ಚು ರೀಬೌಂಡ್ ತೆಗೆಯುವುದು ಎಂಥ ಸಂಗತಿ ಎಂಬುದು ನಮ್ಮಂಥ ಕುಳ್ಳ ಗಾರ್ಡುಗಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಇದಕ್ಕೆ ವಿಮರ್ಶಕರ ತಕರಾರೊಂದಿದೆ. ಸ್ಟೀವನ್ ಆಡಮ್ಸ್‌ರಂಥ ದೈತ್ಯರು ಎದುರಾಳಿಯನ್ನು ಬೆನ್ನಿನಿಂದ ತಡೆದು ನಿಂತು ಚೆಂಡನ್ನು ವೆಸ್ಟ್‌ಬ್ರೂಕ್ ಅವರಿಗೆ ಬಿಟ್ಟುಕೊಡುತ್ತಿದ್ದರು, ಆದ್ದರಿಂದ ಆ ಅಂಕಿಗಳು ಪೊಳ್ಳು ಎನ್ನುತ್ತಾರೆ. ತಡೆದು ನಿಲ್ಲುತ್ತಿದ್ದುದು ನಿಜ. ಆದರೆ ಅದರ ಲೆಕ್ಕಾಚಾರವನ್ನು ನೋಡಿ. ಎತ್ತರದವನು ರೀಬೌಂಡ್ ತೆಗೆದರೆ ಅವನು ತಿರುಗಿ, ಗಾರ್ಡ್ ಎಲ್ಲಿದ್ದಾನೆಂದು ಹುಡುಕಿ, ಪಾಸ್ ಕೊಡಬೇಕು. ಅಷ್ಟರಲ್ಲಿ ಎದುರಾಳಿಗಳು ಹಿಂದಕ್ಕೆ ಓಡಿ ತಮ್ಮ ಜಾಗಗಳಲ್ಲಿ ನಿಂತಿರುತ್ತಾರೆ. ಗಾರ್ಡ್ ತಾನೇ ತೆಗೆದರೆ ಆ ಪಾಸೇ ಬೇಕಿಲ್ಲ: ಕಾಲು ನೆಲಕ್ಕೆ ತಾಗಿದ ಕ್ಷಣವೇ ಓಟ, ಮೂರು ನಾಲ್ಕು ಹೆಜ್ಜೆಯಲ್ಲಿ ಅಂಕಣದ ನಡುಗೆರೆ, ಎದುರಾಳಿಗಳು ಇನ್ನೂ ಬೆನ್ನು ತೋರಿಸಿ ಓಡುತ್ತಿರುವಾಗಲೇ ಲೇಅಪ್ (ಓಡುತ್ತ ಬಂದು ಬುಟ್ಟಿಯ ಹತ್ತಿರದಿಂದ ಹಾಕುವ ಎಸೆತ), ಇಲ್ಲವೇ ಮೂಲೆಯಲ್ಲಿ ಕಾಯುತ್ತಿರುವವನಿಗೆ ಪಾಸ್. ಪೊಳ್ಳು ಅಂಕಿಯಾಗಿದ್ದರೆ ತಂಡಕ್ಕೆ ಅದರ ಫಲ ಕಾಣಬಾರದಿತ್ತು. ಆ ಋತುವಿನಲ್ಲಿ ಅವರು ಟ್ರಿಪಲ್ ಡಬಲ್ ಮಾಡಿದ 42 ಪಂದ್ಯಗಳಲ್ಲಿ ಥಂಡರ್ 33 ಗೆದ್ದಿತು. ಉಳಿದ 40ರಲ್ಲಿ ಗೆದ್ದದ್ದು 14 ಮಾತ್ರ.

ರಾಬರ್ಟ್‌ಸನ್ ಕಾಲದ ಆಟ ಇನ್ನೂ ವೇಗದ್ದಾಗಿತ್ತು, ಎಸೆತಗಳು ಹೆಚ್ಚು, ತಪ್ಪಿದ ಎಸೆತಗಳೂ ಹೆಚ್ಚು, ಹಾಗಾಗಿ ರೀಬೌಂಡ್‌ಗಳೂ ಹೆಚ್ಚು ಎಂಬುದನ್ನೂ ಸೇರಿಸಿಕೊಳ್ಳಿ. ಅವರ 181 ಟ್ರಿಪಲ್ ಡಬಲ್‌ಗಳ ಒಟ್ಟು ದಾಖಲೆಯನ್ನು ಯಾರೂ ಮುಟ್ಟಲಾರರು ಎಂದು ನಾವೆಲ್ಲ ನಂಬಿದ್ದೆವು. 2021ರ ಮೇ 10ರಂದು ಅಟ್ಲಾಂಟಾದಲ್ಲಿ ವೆಸ್ಟ್‌ಬ್ರೂಕ್ 182ನೆಯದನ್ನು ಮಾಡಿದರು. 2024ರ ನವೆಂಬರಿನಲ್ಲಿ 200 ಮುಟ್ಟಿದ ಮೊದಲಿಗರಾದರು.

ಹುಡುಗನಿಗೆ ರೀಬೌಂಡ್ ತೋರಿಸಿ. ಚೆಂಡು ಯಾವ ಕಡೆ ಬೀಳುತ್ತದೆಂದು ಅವರು ಎಷ್ಟು ಬೇಗ ಊಹಿಸುತ್ತಾರೆ, ಉಳಿದವರು ಕತ್ತೆತ್ತಿ ನೋಡುತ್ತ ನಿಂತಾಗ ಅವರ ಕಾಲು ಎಲ್ಲಿರುತ್ತದೆ, ಅದನ್ನು ತೋರಿಸಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:

ಅಭಿಮಾನಕ್ಕೆ ನನ್ನ ವಿರೋಧವಿಲ್ಲ, ಆದರೆ ಇಲ್ಲಿ ಎಲ್ಲರೂ ಒಂದೇ ತಟ್ಟೆಗೆ ತೂಕ ಹಾಕುತ್ತಿರುವುದರಿಂದ ಇನ್ನೊಂದು ತಟ್ಟೆಗೂ ಒಂದಿಷ್ಟು ಹಾಕುತ್ತೇನೆ.

ಅದೇ ಋತುವಿನ ಕೊನೆಗೆ, 2017ರ ಪ್ಲೇಆಫ್‌ನ (ಪ್ರಶಸ್ತಿಗಾಗಿ ನಡೆಯುವ ಕೊನೆಯ ಹಂತದ ಸರಣಿಗಳು) ಮೊದಲ ಸುತ್ತನ್ನು ನೆನಪಿಸಿಕೊಳ್ಳಿ. ಹ್ಯೂಸ್ಟನ್ ವಿರುದ್ಧದ ಎರಡನೇ ಪಂದ್ಯದಲ್ಲಿ ಅವರು 51 ಅಂಕ, 13 ರೀಬೌಂಡ್, 10 ಅಸಿಸ್ಟ್ ಗಳಿಸಿದರು. ಕೇಳಲು ಬಹಳ ಚೆನ್ನ. ಆದರೆ ನಾಲ್ಕನೇ ಕ್ವಾರ್ಟರ್‌ನಲ್ಲಿ ಅವರೊಬ್ಬರೇ 18 ಸಲ ಎಸೆದರು, ಬುಟ್ಟಿಗೆ ಬಿದ್ದದ್ದು ನಾಲ್ಕು. ತಂಡ ನಾಲ್ಕು ಅಂಕಗಳಿಂದ ಸೋತಿತು, ಸರಣಿಯನ್ನು 4-1ರಿಂದ ಕಳೆದುಕೊಂಡಿತು. ಹನ್ನೆರಡು ನಿಮಿಷದಲ್ಲಿ ಹದಿನೆಂಟು ಎಸೆತ ಎಂದರೆ ಉಳಿದ ನಾಲ್ವರು ಪ್ರೇಕ್ಷಕರಾದರು ಎಂದೇ ಅರ್ಥ. ಮಕ್ಕಳಿಗೆ ಇದನ್ನು ಧೈರ್ಯ ಎಂದು ಹೇಳಿಕೊಡುವಿರಾ?

ಎರಡನೆಯ ಸಂಗತಿ ದೂರದ ಎಸೆತ. ವೃತ್ತಿಜೀವನದುದ್ದಕ್ಕೂ ಮೂರಂಕದ ಎಸೆತಗಳಲ್ಲಿ ಅವರ ಯಶಸ್ಸು ಶೇ 30ರ ಆಸುಪಾಸಿನಲ್ಲೇ ಇದೆ. ಇದರ ಪೆಟ್ಟು ಆ ತಪ್ಪಿದ ಎಸೆತಗಳಿಗೆ ನಿಲ್ಲುವುದಿಲ್ಲ. ಅವರನ್ನು ಕಾಯಬೇಕಾದವನು ಅವರನ್ನು ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ಬುಟ್ಟಿಯ ಕೆಳಗೆ ನಿಲ್ಲುತ್ತಾನೆ, ಆಗ ಒಳಗೆ ನುಗ್ಗಬೇಕಾದ ಅವರ ಜೊತೆಗಾರರಿಗೆ ದಾರಿಯೇ ಇರುವುದಿಲ್ಲ. 2021ರಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ಅವರನ್ನು ತಂದಾಗ ಆದದ್ದು ಇದೇ. ಲೆಬ್ರಾನ್ ಜೇಮ್ಸ್ ಮತ್ತು ಆಂಥನಿ ಡೇವಿಸ್ ಇಬ್ಬರಿಗೂ ಬೇಕಾದದ್ದು ಬುಟ್ಟಿಯ ಹತ್ತಿರದ ಜಾಗ. ಮೂರನೆಯವರೂ ಅದೇ ಜಾಗ ಕೇಳುವವರಾದರೆ ಹೇಗೆ? ಅವರಿಗಾಗಿ ತಂಡವು 2020ರ ಪ್ರಶಸ್ತಿ ಗೆದ್ದುಕೊಟ್ಟಿದ್ದ ಕೈಲ್ ಕುಜ್ಮಾ, ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್ ಇಬ್ಬರನ್ನೂ ಬಿಟ್ಟುಕೊಟ್ಟಿತ್ತು. ಕೊನೆಗೆ 33 ಗೆಲುವು, 49 ಸೋಲು, ಪ್ಲೇಆಫ್ ಕೂಡ ಇಲ್ಲ.

ಮೂರನೆಯದು ಫ್ರೀ ಥ್ರೋ, ಅಂದರೆ ಎದುರಾಳಿಯ ಫೌಲಿಗೆ ಪ್ರತಿಯಾಗಿ ಸಿಗುವ ಎಸೆತ. 2016-17ರಲ್ಲಿ ಶೇ 84ಕ್ಕೂ ಹೆಚ್ಚಿದ್ದದ್ದು ಎರಡೇ ವರ್ಷಗಳಲ್ಲಿ ಶೇ 66ರಷ್ಟಕ್ಕೆ ಇಳಿಯಿತು. ಎರಡು ಎಸೆತಗಳ ನಡುವೆ ನಡುಗೆರೆಯ ತನಕ ನಡೆದುಹೋಗಿ ಮರಳುವುದು ಅವರ ಅಭ್ಯಾಸವಾಗಿತ್ತು. 2017ರಲ್ಲಿ, ಎಸೆಯುವವನು ಮೂರಂಕದ ಗೆರೆಯಾಚೆ ಹೋಗುವಂತಿಲ್ಲ ಎಂಬ ನಿಯಮ ಬಂತು. ಇದನ್ನು ಅವರ ಪರವಾಗಿಯೇ ಬೇಕಾದರೆ ಓದಿಕೊಳ್ಳಿ. ಆದರೆ ತಡೆಯುವವರೇ ಇಲ್ಲದ ಎಸೆತದಲ್ಲಿ ಇಷ್ಟು ಜಾರಿದವರನ್ನು ಎಸೆತಕ್ಕೆ ಮಾದರಿ ಎನ್ನಲಾಗದು.

ನನ್ನ ಸಲಹೆ: ಹುಡುಗನಿಗೆ ಮೊದಲು ಪಾಸ್ ಕೊಡಲು ಕಲಿಸಿ. ಅಭಿಮಾನ ಆಮೇಲೆ.

ಪಿ.ಟಿ. ಮೇಡಂ, ಮಾಲೂರು:

ಮೊದಲು ಇಟ್ಟಿಗೆಯ ವಿಷಯ. ನಮ್ಮ ಮಾಲೂರಿನಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದೇ ಇಟ್ಟಿಗೆ ಹೆಂಚುಗಳಿಂದ. ಇಲ್ಲಿ ಯಾರಾದರೂ ಅದನ್ನು ಬೈಗುಳವಾಗಿ ಬಳಸಿದರೆ ಮಕ್ಕಳಿಗೆ ಅರ್ಥವೇ ಆಗಲಿಕ್ಕಿಲ್ಲ. ಆದರೆ ಅಡ್ಡಹೆಸರು ಎಷ್ಟು ಆಳಕ್ಕೆ ಇಳಿಯುತ್ತದೆಂಬುದನ್ನು ಇಪ್ಪತ್ತು ವರ್ಷ ಶಾಲಾ ಮೈದಾನದಲ್ಲಿ ನಿಂತು ನೋಡಿದ್ದೇನೆ. 2022ರ ಮಾರ್ಚಿನಲ್ಲಿ ವೆಸ್ಟ್‌ಬ್ರೂಕ್ ಪತ್ರಕರ್ತರ ಮುಂದೆ ಈ ವಿಷಯವನ್ನೇ ಎತ್ತಿದರು. ತಮ್ಮ ಹೆಂಡತಿ ಮಕ್ಕಳು ಪಂದ್ಯಕ್ಕೆ ಬರಲು ಹಿಂಜರಿಯುವಂತಾಗಿದೆ, ವೆಸ್ಟ್‌ಬ್ರೂಕ್ ಎಂಬುದು ತಮ್ಮ ಮನೆತನದ ಹೆಸರು, ತಮ್ಮ ಮಗ ಆ ಹೆಸರನ್ನು ಕಂಡಕಂಡಲ್ಲೆಲ್ಲ ಹೆಮ್ಮೆಯಿಂದ ಬರೆಯುತ್ತಾನೆಂದು ಅವನ ಶಿಕ್ಷಕರು ಹೇಳಿದಾಗ ತಮಗೆ ನೋವಾಯಿತು, ಇನ್ನು ಮುಂದೆ ಅದನ್ನು ತಿರುಚಲು ಬಿಡುವುದಿಲ್ಲ ಎಂಬ ಅರ್ಥದ ಮಾತುಗಳನ್ನು ಆಡಿದರು. ಕೋಟಿಗಟ್ಟಲೆ ಡಾಲರ್ ಸಂಬಳ ಪಡೆಯುವವರಿಗೇ ಹೀಗಾದರೆ, ಬನಿಯನ್ ಮೇಲೆ ಸೊನ್ನೆ ಬರೆದುಕೊಂಡ ಹುಡುಗನಿಗೆ ಹೇಗಾದೀತು? ಸೀಸನ್ ಪಾಸ್ ಅವರೇ, ಮಾದರಿಯ ಪ್ರಶ್ನೆ ನಾಳೆಗಿರಲಿ, ಆ ಹೆಸರು ಕರೆಯುವುದನ್ನು ಇಂದೇ ನಿಲ್ಲಿಸಿ.

ನಂದಿ ತಪ್ಪಲು ಅವರ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಲೇಕರ್ಸ್ ವಿಷಯದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಆ ವರ್ಷದ 82 ಪಂದ್ಯಗಳಲ್ಲಿ ಗಾಯಗಳಿಂದಾಗಿ ಜೇಮ್ಸ್ ಆಡಿದ್ದು 56, ಡೇವಿಸ್ ಆಡಿದ್ದು 40. ವೆಸ್ಟ್‌ಬ್ರೂಕ್ 78 ಆಡಿದರು. ಹೆಚ್ಚು ದಿನ ಎದುರಿಗೆ ನಿಂತವರ ಮೇಲೆಯೇ ಹೆಚ್ಚು ಕಲ್ಲು ಬಿದ್ದವು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದಂತಾಯಿತು ಎಂದರೆ ಪೂರ್ತಿ ಸರಿಯಾಗದು, ಏಕೆಂದರೆ ಈ ಎತ್ತಿಗೂ ಸ್ವಲ್ಪ ಜ್ವರವಿತ್ತು. ಆದರೆ ಬರೆಗಳೆಲ್ಲ ಇದಕ್ಕೇ ಬಿದ್ದದ್ದು ನಿಜ.

ಇನ್ನು ನೀವು ತೋರಿಸಬೇಕಾದ ಪಂದ್ಯ ಯಾವುದೆಂದು ನಾನು ಹೇಳುತ್ತೇನೆ. ಡೆನ್ವರಿನ ಆ 50 ಅಂಕದ ಪಂದ್ಯ ಬೇಡ. ಅದನ್ನು ನೋಡಿದ ಮಕ್ಕಳು ಮರುದಿನ ನಡುಗೆರೆಯಿಂದ ಎಸೆಯಲು ನಿಲ್ಲುತ್ತಾರೆ. 2023ರ ಏಪ್ರಿಲ್ 16ರಂದು ನಡೆದ, ನಮ್ಮಲ್ಲಿ ಸೋಮವಾರ ಬೆಳಗಿನ ಜಾವವಾಗಿದ್ದ, ಕ್ಲಿಪ್ಪರ್ಸ್ ಮತ್ತು ಫೀನಿಕ್ಸ್ ಸನ್ಸ್ ನಡುವಿನ ಪ್ಲೇಆಫ್‌ನ ಮೊದಲ ಪಂದ್ಯವನ್ನು ಹುಡುಕಿ. ಫೆಬ್ರವರಿಯಲ್ಲಷ್ಟೇ ಲೇಕರ್ಸ್ ಅವರನ್ನು ಸಾಗಹಾಕಿತ್ತು, ಅದೇ ಊರಿನ ಇನ್ನೊಂದು ತಂಡ ಕರೆದುಕೊಂಡಿತ್ತು. ಆ ದಿನ ಅವರು 19 ಸಲ ಎಸೆದರು, ಬಿದ್ದದ್ದು ಮೂರು. ಅಂಕ ಒಂಬತ್ತು. ಅಂಕಿಪಟ್ಟಿಯನ್ನಷ್ಟೇ ನೋಡಿದವರು ಮತ್ತೆ ಇಟ್ಟಿಗೆ ಎನ್ನಬಹುದಾದ ದಿನ. ಆದರೆ ಅದೇ ದಿನ ಅವರಿಗೆ 11 ರೀಬೌಂಡ್, 8 ಅಸಿಸ್ಟ್ ಸಿಕ್ಕಿದವು. ಪಂದ್ಯ ಕೊನೆಯ ಕ್ಷಣಗಳಿಗೆ ಬಂದಾಗ ಅವರೇ ಫ್ರೀ ಥ್ರೋಗಳನ್ನು ಹಾಕಿದರು, ನಂತರ ಡೆವಿನ್ ಬುಕರ್ ಬುಟ್ಟಿಯ ಹತ್ತಿರ ಎಸೆಯಲು ಹೋದಾಗ ಆ ಚೆಂಡನ್ನು ತಡೆದರು. ತಡೆದ ಮೇಲೂ ಬಿಡಲಿಲ್ಲ. ಅಂಕಣದಿಂದ ಆಚೆ ಬೀಳುತ್ತಲೇ ಚೆಂಡನ್ನು ಬುಕರ್ ಮೈಗೆ ತಗುಲುವಂತೆ ಎಸೆದು, ಹೊರಹೋದ ಚೆಂಡು ತಮ್ಮ ತಂಡಕ್ಕೇ ಸಿಗುವಂತೆ ಮಾಡಿದರು. ಕ್ಲಿಪ್ಪರ್ಸ್ 115-110ರಿಂದ ಗೆದ್ದಿತು. 38 ಅಂಕ ಗಳಿಸಿದ ಕವಾಯ್ ಲೆನರ್ಡ್ ಅವರ ಹೆಸರು ದೊಡ್ಡ ಅಕ್ಷರದಲ್ಲಿ ಬಂತು, ಸರಿಯೇ. ಆದರೆ ನಾನು ನಮ್ಮ ಶಾಲೆಯ ಹುಡುಗಿಯರಿಗೆ ತೋರಿಸಿದ್ದು ಹದಿನಾರು ಎಸೆತ ತಪ್ಪಿದವರು ಕೊನೆಯ ನಿಮಿಷದಲ್ಲಿ ಎಲ್ಲಿದ್ದರು ಎಂಬುದನ್ನು.

ಎಸೆತ ಬೀಳದ ದಿನ ನಮ್ಮ ಮಕ್ಕಳು ಏನು ಮಾಡುತ್ತಾರೆಂಬುದು ನಿಮಗೂ ಗೊತ್ತು. ಎರಡು ತಪ್ಪಿದರೆ ತಲೆ ತಗ್ಗುತ್ತದೆ, ಮೂರು ತಪ್ಪಿದರೆ ಹಿಂದಕ್ಕೆ ಓಡುವುದನ್ನೇ ನಿಲ್ಲಿಸುತ್ತಾರೆ, ಆಮೇಲೆ ಶೂ ಲೇಸ್ ಬಿಚ್ಚಿದೆ ಎನ್ನುತ್ತಾರೆ. ಎಸೆತ ಕೈಕೊಟ್ಟರೂ ಆಟದ ಇತರ ಕೆಲಸಗಳು ಹಾಗೇ ಕಾದಿರುತ್ತವೆ ಎಂಬುದನ್ನು ನಾನು ಹತ್ತು ವರ್ಷ ಬಾಯಲ್ಲಿ ಹೇಳಿದ್ದಕ್ಕಿಂತ ಆ ಎರಡು ನಿಮಿಷದ ತುಣುಕು ಚೆನ್ನಾಗಿ ಹೇಳಿತು.

ಅದೇ ವರ್ಷದ ನವೆಂಬರಿನಲ್ಲಿ ಜೇಮ್ಸ್ ಹಾರ್ಡನ್ ಬಂದ ಮೇಲೆ ಕ್ಲಿಪ್ಪರ್ಸ್ ಸತತವಾಗಿ ಸೋಲತೊಡಗಿದಾಗ, ತಮ್ಮನ್ನು ಆರಂಭದ ಐವರಲ್ಲಿ ಸೇರಿಸದೆ ಬೆಂಚಿನಿಂದ ಆಡಿಸಿ ಎಂದು ಕೋಚ್ ಬಳಿ ಹೋಗಿ ಕೇಳಿದವರು ಕೂಡ ವೆಸ್ಟ್‌ಬ್ರೂಕ್ ಅವರೇ. ಋತುವಿನ ಶ್ರೇಷ್ಠ ಆಟಗಾರರೆನಿಸಿದ್ದವರು ಹಾಗೆ ಕೇಳುವುದು ಸಣ್ಣ ಮಾತಲ್ಲ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:

ಮೇಡಂ, ಫೀನಿಕ್ಸ್ ಪಂದ್ಯವನ್ನು ಒಪ್ಪಿಕೊಂಡೆ. ಆ ಸರಣಿಯನ್ನೂ ಅವರು 4-1ರಿಂದಲೇ ಸೋತರು ಎಂದು ಬರೆಯಹೊರಟು ಅಳಿಸಿದೆ, ಏಕೆಂದರೆ ಲೆನರ್ಡ್ ಎರಡೇ ಪಂದ್ಯ ಆಡಿ ಗಾಯದಿಂದ ಹೊರಗೆ ಕುಳಿತುಬಿಟ್ಟರು ಎಂದು ನೀವು ತಕ್ಷಣ ಹೇಳುತ್ತೀರಿ, ಅದು ನಿಜವೂ ಹೌದು.

ಅವರ ಪರವಾಗಿ ನಾನೇ ಒಂದು ಮಾತು ಸೇರಿಸುತ್ತೇನೆ, ಸಾಲ ಉಳಿಸಿಕೊಳ್ಳುವುದು ಬೇಡ. 2020-21ರಲ್ಲಿ ವಾಷಿಂಗ್ಟನ್ ವಿಜಾರ್ಡ್ಸ್ 17 ಗೆದ್ದು 32 ಸೋತ ಸ್ಥಿತಿಯಲ್ಲಿದ್ದಾಗ ಯಾವ ತಂಡವಾದರೂ ಮುಂದಿನ ವರ್ಷದ ಮಾತಾಡುತ್ತದೆ. ಅವರು ಉಳಿದ 23 ಪಂದ್ಯಗಳಲ್ಲಿ 17 ಗೆದ್ದು ಪ್ಲೇಆಫ್ ತಲುಪಿದರು. ಪಂದ್ಯ ಸೋತೇಹೋಯಿತೆಂದು ಕೈಚೆಲ್ಲುವುದು ಈ ಮನುಷ್ಯನಿಗೆ ಬಾರದ ವಿದ್ಯೆ. ಎಸೆತಕ್ಕೂ ನುಗ್ಗಾಟಕ್ಕೂ ಕಡಿವಾಣ ಹಾಕುವ ವಿದ್ಯೆಯೂ ಬಾರದು. ಎರಡೂ ಒಂದೇ ಬೇರಿನವು ಎಂಬುದು ನನ್ನ ಅನುಮಾನ, ಒಂದನ್ನು ಕಿತ್ತರೆ ಇನ್ನೊಂದು ಉಳಿಯುತ್ತದೆಂಬ ಖಾತ್ರಿ ನನಗಿಲ್ಲ. ನಿಮ್ಮ ಹುಡುಗನ ವಿಷಯದಲ್ಲಿ ಇದನ್ನು ನೆನಪಿಡಿ.

ರಾಬರ್ಟ್ಸನ್‌ಪೇಟೆ, ಕೆಜಿಎಫ್:

ಗಾಯದ ಮಾತು ಬಂದದ್ದರಿಂದ ಹೇಳುತ್ತೇನೆ. 2013ರ ಏಪ್ರಿಲಿನಲ್ಲಿ ಹ್ಯೂಸ್ಟನ್ ವಿರುದ್ಧದ ಪ್ಲೇಆಫ್‌ನಲ್ಲಿ ಪ್ಯಾಟ್ರಿಕ್ ಬೆವರ್ಲಿ ಚೆಂಡು ಕಸಿಯಲು ನುಗ್ಗಿ ಡಿಕ್ಕಿಯಾದಾಗ ವೆಸ್ಟ್‌ಬ್ರೂಕ್ ಅವರ ಬಲ ಮೊಣಕಾಲಿನ ಮೃದ್ವಸ್ಥಿ ಹರಿಯಿತು. ಅಲ್ಲಿಯವರೆಗೆ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಅದೇ ಮೊಣಕಾಲಿಗೆ ಮೂರು ಶಸ್ತ್ರಚಿಕಿತ್ಸೆ. ನಾವು ಇಲ್ಲಿ ಕೊಂಡಾಡುತ್ತಿರುವ, ದೂರುತ್ತಿರುವ ಆ ನುಗ್ಗಾಟದ ಬಹುಪಾಲು ಅದರ ನಂತರದ್ದು. ನನ್ನ ಮೊಣಕಾಲಿಗೆ ಒಂದೇ ಸಲ ಪೆಟ್ಟಾಗಿ ನಾನು ಕೇರಂಗೆ ಇಳಿದೆ.

ಸೀಸನ್ ಪಾಸ್, ತುಮಕೂರು:

ಎಲ್ಲರಿಗೂ ಕೃತಜ್ಞತೆಗಳು. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ, ತಿಂಗಳ ಕೊನೆಯ ಲೆಕ್ಕಪತ್ರ ಮುಗಿಯಬೇಕಿತ್ತು.

ಮೇಡಂ ಹೇಳಿದಂತೆ ಮೊದಲು ದೊಡ್ಡ ಹುಡುಗರನ್ನು ಕೂರಿಸಿಕೊಂಡು ಮಾತಾಡಿದೆ. ಅಡ್ಡಹೆಸರು ಕರೆದವನು ಅಂಕಣದ ಸುತ್ತ ಐದು ಸುತ್ತು ಓಡಬೇಕೆಂದು ಅವರೇ ನಿಯಮ ಮಾಡಿದರು. ಇಲ್ಲಿಯವರೆಗೆ ಇಬ್ಬರು ಓಡಿದ್ದಾರೆ. ನಂದಿ ತಪ್ಪಲು ಅವರ ಮಾತನ್ನು ಹುಡುಗನಿಗೆ ಬೇರೆ ರೀತಿಯಲ್ಲಿ ದಾಟಿಸಿದೆ: ಎರಡು ಪಾಸ್ ಆಗುವ ತನಕ ಯಾರೂ ಎಸೆಯುವಂತಿಲ್ಲ. ಅವನಿಗೊಬ್ಬನಿಗೇ ನಿಯಮ ಹಾಕಿದರೆ ಅದೂ ಒಂದು ಅಡ್ಡಹೆಸರಿನಂತಾಗುತ್ತದೆಂದು ಎಲ್ಲರಿಗೂ ಹಾಕಿದೆ.

ಭಾನುವಾರ ಆಟ ಮುಗಿದ ಮೇಲೆ ಫೀನಿಕ್ಸ್ ಪಂದ್ಯದ ಕೊನೆಯ ಭಾಗವನ್ನು ನನ್ನ ಮೊಬೈಲಿನಲ್ಲಿ ತೋರಿಸಿದೆ. ಹತ್ತು ತಲೆಗಳು ಒಂದರ ಮೇಲೊಂದು. ಅಂದು ಅವರು 19ರಲ್ಲಿ 16 ಎಸೆತ ತಪ್ಪಿದ್ದರು ಎಂದಾಗ ಯಾರೂ ನಂಬದೆ, ಅಂಕಿಪಟ್ಟಿ ತೆಗೆದು ತಾವೇ ನೋಡಿಕೊಂಡರು. ಈ ಹುಡುಗ ಏನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, "ಅವರ ಮೈಗೇ ಬಾಲ್ ಹೊಡೆದು ಆಚೆ ಕಳ್ಸೋದು ರೂಲ್ಸಲ್ಲಿ ಇದ್ಯಾ ಸರ್?" ಎಂದು ಕೇಳಿದ. ಇದೆ ಎಂದೆ. ಅಷ್ಟೇ ಸಾಕಾಯಿತು. ಮುಂದಿನ ಅರ್ಧ ಗಂಟೆ ನನ್ನ ಎರಡು ಪಾಸ್‌ಗಳ ನಿಯಮ, ರಾಬರ್ಟ್ಸನ್‌ಪೇಟೆಯವರು ಹೇಳಿದ ರೀಬೌಂಡ್ ಎಲ್ಲವನ್ನೂ ಬಿಟ್ಟು ಇಡೀ ಗುಂಪು ಗೆರೆಯ ಹತ್ತಿರ ನಿಂತು ಒಬ್ಬರ ಮೈಗೊಬ್ಬರು ಚೆಂಡು ಹೊಡೆಯುವ ಅಭ್ಯಾಸ ನಡೆಸಿತು. ಒಬ್ಬನ ಮೊಣಕಾಲಿಗೆ, ಇನ್ನೊಬ್ಬನ ಕನ್ನಡಕಕ್ಕೆ ಪೆಟ್ಟಾಯಿತು. ಕನ್ನಡಕದ ಹುಡುಗನ ತಾಯಿ ಸಂಜೆ ಮನೆಗೆ ಬಂದಿದ್ದರು. ಹೊಸ ಫ್ರೇಮಿನ ಖರ್ಚು ನನ್ನದೆಂದು ಒಪ್ಪಿಕೊಂಡಿದ್ದೇನೆ.